ಇಲಿ ಬರುವುದು ಕೋಳಿಗಲ್ಲ, ಕಾಳಿಗೆ

(ಹಿತ್ತಲಲ್ಲಿ ಕೋಳಿ ಸಾಕುವವರ ಒಂದು ಸಭೆಯಲ್ಲಿ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಕೂತವರು ಕೇಳಿದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ನಾನೇ ಒಂದು ಪ್ರಶ್ನೆ ಕೇಳ್ತೀನಿ. ರಾತ್ರಿ ಹತ್ತರ ಮೇಲೆ ಟಾರ್ಚ್ ಹಿಡಿದು ಕೋಳಿಗೂಡಿನ ಹತ್ತಿರ ಹೋಗಿ, ಹತ್ತು ನಿಮಿಷ ಸುಮ್ನೆ ನಿಂತು ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಐದಾರು ಕೈ ಕಾಣುತ್ತಿವೆ. ಸರಿ, ಹಗಲಲ್ಲೇ ಗೂಡಿನ ಹತ್ತಿರ ಇಲಿ ಕಂಡವರು? ಈಗ ಅರ್ಧ ಸಭೆಯೇ ಕೈ ಎತ್ತಿತು.

ಈ ಎರಡನೇ ಗುಂಪಿನವರು ಇವತ್ತು ಸ್ವಲ್ಪ ಜಾಸ್ತಿ ಗಮನ ಕೊಟ್ಟು ಕೇಳಬೇಕು. ಇಲಿ ರಾತ್ರಿ ಓಡಾಡುವ ಪ್ರಾಣಿ. ಹಗಲು ಹೊತ್ತಲ್ಲಿ ಅದು ಹೊರಗೆ ಬರುತ್ತಿದೆ ಅಂದರೆ, ಸಾಮಾನ್ಯವಾಗಿ ಒಳಗೆ ಜಾಗಕ್ಕೂ ಮೇವಿಗೂ ಪೈಪೋಟಿ ಶುರುವಾಗಿದೆ ಅಂತ ಅರ್ಥ. ರಾತ್ರಿ ದೊಡ್ಡ ಇಲಿಗಳ ಪಾಳಿ. ಅವುಗಳ ಮುಂದೆ ಬಾಯಿ ಹಾಕಲಾಗದ ಸಣ್ಣವು ಹಗಲಲ್ಲಿ ಬರುತ್ತವೆ. ನಿಮ್ಮ ಕಣ್ಣಿಗೆ ಬಿದ್ದದ್ದು ಒಂದು, ಬಿಲದಲ್ಲಿ ಇರುವುದು ಇನ್ನೆಷ್ಟೋ.

ನನಗೆ ಇದು ಗೊತ್ತಾಗಿದ್ದು ಒಂದು ಕೋಳಿಯ ಕಾಲಿನಿಂದ. ಕೋಳಿ ಸಾಕಲು ಶುರು ಮಾಡಿದ ಮೊದಲನೇ ವರ್ಷ ಅದು. ಒಂದು ಬೆಳಿಗ್ಗೆ ಕಂದು ಬಣ್ಣದ ಒಂದು ಹೇಟೆ, ಅಂದರೆ ಹೆಣ್ಣುಕೋಳಿ, ಅಡ್ಡಗೋಲಿನಿಂದ ಕೆಳಗೆ ಇಳಿಯಲೇ ಇಲ್ಲ. ಎತ್ತಿಕೊಂಡು ನೋಡಿದರೆ ಬಲಗಾಲಿನ ಒಂದು ಬೆರಳಿನ ತುದಿ ಇರಲಿಲ್ಲ. ರಕ್ತ ಒಣಗಿ ಅಂಟಿಕೊಂಡಿತ್ತು. ಬೇರೆ ಕೋಳಿ ಕುಕ್ಕಿರಬೇಕು ಅಂದುಕೊಂಡು ತೊಳೆದು ಔಷಧಿ ಹಚ್ಚಿದೆ. ಮರುದಿನ ಇನ್ನೊಂದು ಕೋಳಿಗೂ ಹಾಗೇ ಆಗಿತ್ತು. ಆ ರಾತ್ರಿ ಟಾರ್ಚ್ ಹಿಡಿದು ಹೋಗಿ ನಿಂತೆ. ಮೇವು ಹಾಕಿಡುವ ಫೀಡರ್ ಸುತ್ತ ಏಳೆಂಟು ಇಲಿ. ಒಂದಂತೂ ಅಡ್ಡಗೋಲಿನ ಮೇಲೇ, ನಿದ್ದೆ ಮಾಡುತ್ತಿದ್ದ ಕೋಳಿಯ ಪಕ್ಕದಲ್ಲೇ ನಡೆದುಹೋಯಿತು. ಕೋಳಿ ಕದಲಲಿಲ್ಲ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದು ತೀರಾ ಕಡಿಮೆ. ಎದ್ದು ಓಡಲೂ ಆಗದೆ, ತಿರುಗಿ ಕುಕ್ಕಲೂ ಆಗದೆ ಕಲ್ಲಿನ ಹಾಗೆ ಕೂತೇ ಇರುತ್ತದೆ. ಹಗಲಲ್ಲಿ ಇಲಿಮರಿ ಕಂಡರೆ ಹಿಡಿದು ನುಂಗುವ ಕೋಳಿಯೇ ರಾತ್ರಿ ಅದರ ಮುಂದೆ ಏನೂ ಮಾಡಲಾರದು. ನಮ್ಮನ್ನು ನಂಬಿ ಗೂಡು ಸೇರಿದ ಜೀವ ಅದು. ಅವತ್ತು ಆದ ಸಂಕಟ ನನಗೆ ಇನ್ನೂ ಮರೆತಿಲ್ಲ.

ಆಮೇಲೆ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಇಲಿ ಪಾಷಾಣ ತಂದೆ. ಅದರ ಕತೆ ಮುಂದೆ ಹೇಳ್ತೀನಿ. ಅದಕ್ಕಿಂತ ಮೊದಲು ಇಲಿ ಯಾಕೆ ಬರುತ್ತದೆ ಅನ್ನುವುದನ್ನು ನೋಡೋಣ.

ಇಲಿಗೆ ಕೋಳಿಯ ಮೇಲೆ ಆಸೆ ಇಲ್ಲ. ಮೊಟ್ಟೆ ಸಿಕ್ಕರೆ ಉರುಳಿಸಿಕೊಂಡು ಹೋಗುತ್ತದೆ, ಎಳೇ ಕೋಳಿಮರಿ ಸಿಕ್ಕರೆ ಬಿಡುವುದಿಲ್ಲ, ಅದು ನಿಜ. ಆದರೆ ಅದು ಮೊದಲ ಸಲ ಅಲ್ಲಿಗೆ ಬರುವುದು ಕಾಳಿಗೆ. ಮೊಟ್ಟೆ ಇಡುವ ಒಂದು ಹೇಟೆ ದಿನಕ್ಕೆ 110ರಿಂದ 120 ಗ್ರಾಂ ಮೇವು ತಿನ್ನುತ್ತದೆ. ಒಂದು ದೊಡ್ಡ ಇಲಿ 20ರಿಂದ 30 ಗ್ರಾಂ ತಿನ್ನುತ್ತದೆ. ಐದು ಇಲಿ ಅಂದರೆ ಒಂದು ಹೇಟೆಯ ಮೇವು ಅಂತ ಲೆಕ್ಕ ಇಟ್ಟುಕೊಳ್ಳಿ. ಇಪ್ಪತ್ತು ಇಲಿ ಇದ್ದರೆ ದಿನಕ್ಕೆ ಸುಮಾರು ಅರ್ಧ ಕಿಲೋ, ತಿಂಗಳಿಗೆ 15 ಕಿಲೋ. ಇದು ಬರೀ ತಿಂದದ್ದು. ಒಂದು ಇಲಿ ದಿನಕ್ಕೆ 40ರ ಆಸುಪಾಸು ಹಿಕ್ಕೆ ಹಾಕುತ್ತದೆ, ಹೋದಲ್ಲೆಲ್ಲ ಉಚ್ಚೆ ಬಿಡುತ್ತದೆ. ಹಾಗೆ ಹಾಳಾದ ಮೇವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೋಳಿ ಸಂಖ್ಯೆ ಅಷ್ಟೇ ಇದೆ, ಆದರೆ ಮೇವಿನ ಚೀಲ ಬೇಗ ಖಾಲಿ ಆಗುತ್ತಿದೆ ಅಂತ ನಿಮಗೆ ಅನಿಸಿದ್ದರೆ, ಅನುಮಾನ ಪಡಬೇಕಾದ್ದು ಇಲ್ಲೇ.

ಇದನ್ನು ಬಹಳ ಹಿಂದೆಯೇ ಗಮನಿಸಿದವರಿದ್ದಾರೆ. 1940ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಬೀದಿ ಬೀದಿಯ ಇಲಿಗಳ ಮೇಲೆ ಅಧ್ಯಯನ ಮಾಡಿದರು. ಡೇವಿಡ್ ಇ. ಡೇವಿಸ್ ಅನ್ನುವ ವಿಜ್ಞಾನಿ ಅದರಲ್ಲಿ ಮುಖ್ಯರು. ಒಂದು ಜಾಗದ ಇಲಿಗಳನ್ನು ಹಿಡಿದು ತೆಗೆದರೆ, ಸ್ವಲ್ಪ ಕಾಲದಲ್ಲೇ ಸಂಖ್ಯೆ ಮತ್ತೆ ಹಳೆಯ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. ಕಸ, ಆಹಾರ, ಅಡಗುವ ಜಾಗ ಕಡಿಮೆ ಮಾಡಿದಲ್ಲಿ ಮಾತ್ರ ಇಲಿ ಕಡಿಮೆಯಾಗಿ ಹಾಗೇ ಉಳಿಯಿತು. ಅಂದರೆ ಒಂದು ಹಿತ್ತಲಲ್ಲಿ ಎಷ್ಟು ಇಲಿ ಇರಬೇಕು ಅನ್ನುವುದನ್ನು ತೀರ್ಮಾನ ಮಾಡುವುದು ಅಲ್ಲಿ ಸಿಗುವ ಊಟ ಮತ್ತು ಮನೆ. ಅರ್ಧ ಇಲಿ ಸತ್ತರೆ ಉಳಿದರ್ಧಕ್ಕೆ ಎರಡು ಪಾಲು ಊಟ. ಹೊಟ್ಟೆ ತುಂಬಿದ ಹೆಣ್ಣಿಲಿ ಗಬ್ಬ ಆದ 21ರಿಂದ 23 ದಿನದಲ್ಲಿ ಮರಿ ಹಾಕುತ್ತದೆ. ಒಂದು ಸಲಕ್ಕೆ ಏಳೆಂಟು ಮರಿ ಮಾಮೂಲಿ. ಹೆತ್ತ ಒಂದೆರಡು ದಿನದಲ್ಲೇ ಮತ್ತೆ ಗಬ್ಬ ಆಗಬಲ್ಲದು. ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೂ ಮರಿ ಹಾಕುವ ಹಂತಕ್ಕೆ ಬರುತ್ತವೆ. ಈ ಓಟದಲ್ಲಿ ಬರೀ ಬೋನು ಇಟ್ಟುಕೊಂಡು ನಾವು ಗೆಲ್ಲುವುದಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ನೋಡುವುದರಿಂದ.

ಬಿಲ ಹುಡುಕಿ. ನೆಲದಲ್ಲಿ ಬಿಲ ತೋಡುವ ಕಂದು ಇಲಿಯದಾದರೆ ಬಾಯಿ 6ರಿಂದ 9 ಸೆಂಟಿಮೀಟರ್ ಅಗಲ ಇರುತ್ತದೆ. ಗೂಡಿನ ಅಡಿ, ಗೋಡೆಯ ಬುಡ, ಸೌದೆ ರಾಶಿಯ ಕೆಳಗೆ ನೋಡಿ. ಬಾಯಿಯ ಮಣ್ಣು ನಯವಾಗಿ, ತಾಜಾ ಇದ್ದರೆ ಒಳಗೆ ವಾಸ ಇದೆ. ಅನುಮಾನ ಇದ್ದರೆ ಸಂಜೆ ಒಂದು ಹಿಡಿ ಒಣಗಿದ ಎಲೆ ತುರುಕಿ ಬನ್ನಿ. ಬೆಳಿಗ್ಗೆ ಎಲೆ ಹೊರಗೆ ಬಿದ್ದಿದ್ದರೆ ಉತ್ತರ ಸಿಕ್ಕಿತು ಅಲ್ವಾ? ಇನ್ನೊಂದು ಜಾತಿ ಕಪ್ಪು ಇಲಿ. ಇದು ಹತ್ತುವುದರಲ್ಲಿ ಗಟ್ಟಿ. ಸೂರು, ಮರ, ಬಳ್ಳಿ ಇದರ ಜಾಗ. ನೆಲದ ಮೇಲೆ ಬಿಲ ಹುಡುಕುತ್ತಾ ಕೂತರೆ ಇದು ಸಿಗುವುದಿಲ್ಲ. ಹಿಕ್ಕೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಕಂದು ಇಲಿಯದು ಸುಮಾರು 2 ಸೆಂಟಿಮೀಟರ್ ಉದ್ದ, ತುದಿ ಮೊಂಡು. ಕಪ್ಪು ಇಲಿಯದು ಅದಕ್ಕಿಂತ ಚಿಕ್ಕದು, ತುದಿ ಚೂಪು. ಅಕ್ಕಿಕಾಳಿನಷ್ಟೇ ಇದ್ದರೆ ಸುಂಡಿಲಿ. ಹೆಗ್ಗಣ ಇರುವ ಕಡೆ ಬಿಲದ ಬಾಯಲ್ಲಿ ಮಣ್ಣಿನ ಗುಡ್ಡೆಯೇ ಎದ್ದಿರುತ್ತದೆ.

ಇಲಿ ಬಯಲಲ್ಲಿ ನಡೆಯುವುದಿಲ್ಲ. ಗೋಡೆಗೆ ಮೈ ತಾಗಿಸಿಕೊಂಡೇ ಓಡುತ್ತದೆ, ದಿನಾ ಒಂದೇ ದಾರಿ. ಮೈಯ ಜಿಡ್ಡು ತಾಗಿ ತಾಗಿ ಗೋಡೆ, ಹಲಗೆಯ ಅಂಚು ಕಪ್ಪಾಗಿರುತ್ತದೆ. ಆ ದಾರಿ ಕಂಡುಹಿಡಿಯಲು ನನಗೆ ಇವತ್ತಿಗೂ ಮೆಚ್ಚಿನ ಉಪಾಯ ಸೀಮೆಸುಣ್ಣದ ಪುಡಿ. ಸಂಜೆ ಗೂಡಿನ ಸುತ್ತ, ಬಾಗಿಲ ಬುಡದಲ್ಲಿ, ಫೀಡರ್ ಪಕ್ಕದಲ್ಲಿ ಅಂಗೈ ಅಗಲಕ್ಕೆ ತೆಳ್ಳಗೆ ಉದುರಿಸಿ ಬೆರಳಲ್ಲಿ ಸವರಿಬಿಡಿ. ಬೆಳಿಗ್ಗೆ ಕೋಳಿ ಬಿಡುವ ಮುಂಚೆ ಹೋಗಿ ಬಗ್ಗಿ ನೋಡಿ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು. ಕೆಲವು ಕಡೆ ನಡುವೆ ದಾರ ಎಳೆದ ಹಾಗೆ ಒಂದು ಗೆರೆ, ಅದು ಬಾಲ ಎಳೆದ ಗುರುತು. ಯಾವ ತೂತಿನಿಂದ ಬಂತು, ಎಲ್ಲಿಗೆ ಹೋಯಿತು, ಎಲ್ಲವೂ ಆ ಬಿಳಿ ಪುಡಿಯ ಮೇಲೆ ಬರೆದಿರುತ್ತದೆ. ಮೂರು ದಿನ ಇಷ್ಟು ಮಾಡಿದರೆ ನಿಮ್ಮ ಹಿತ್ತಲಿನ ಇಲಿಯ ಓಡಾಟ ಪೂರ್ತಿ ಕೈಗೆ ಸಿಕ್ಕಂತೆ.

ಈಗ ಮೇವಿನ ವಿಷಯ. ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡ್ತೀನಿ, ಯಾಕೆಂದರೆ ನಿಮ್ಮ ಅರ್ಧ ಕೆಲಸ ಇಲ್ಲೇ ಇದೆ.

ಕೋಳಿ ಕತ್ತಲಾದ ಮೇಲೆ ತಿನ್ನುವುದಿಲ್ಲ. ರಾತ್ರಿಯಿಡೀ ಗೂಡಲ್ಲಿ ಮೇವು ಇಟ್ಟರೆ ಅದು ಇಲಿಗೆ ಹಾಕಿದ ಎಲೆ. ಹಾಗಾಗಿ ಸಂಜೆ ಫೀಡರ್ ಎತ್ತಿಬಿಡಿ. ಎತ್ತಿ ಮೇಲೆ ನೇತುಹಾಕಿದರೆ ಸಾಲದು, ಇಲಿ ಹಗ್ಗ ಹಿಡಿದು ಇಳಿಯುತ್ತದೆ. ಮುಚ್ಚಳ ಇರುವ ತಗಡಿನ ಡಬ್ಬಕ್ಕೆ ಸುರಿದು ಮುಚ್ಚಬೇಕು. ಪ್ಲಾಸ್ಟಿಕ್ ಡ್ರಮ್ ಬೇಡ. ಇಲಿಯ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ವರ್ಷಕ್ಕೆ 10 ಸೆಂಟಿಮೀಟರ್ ಮೀರಿ. ಅದು ಕಡಿದು ಕಡಿದು ಹಲ್ಲು ಸವೆಸಲೇಬೇಕು. ಮರ, ಪ್ಲಾಸ್ಟಿಕ್, ಸೀಸದ ಪೈಪು, ಹದ ಇಲ್ಲದ ಸಿಮೆಂಟು ಯಾವುದನ್ನೂ ಬಿಡುವುದಿಲ್ಲ. ದಪ್ಪ ಡ್ರಮ್ ಆದರೂ ಅಂಚು ಸಿಕ್ಕರೆ ಒಂದೆರಡು ರಾತ್ರಿಯ ಕೆಲಸ.

ಸಂಜೆ ಎತ್ತುವಾಗ ಫೀಡರ್ ಅಷ್ಟೇ ಅಲ್ಲ, ನೆಲವನ್ನೂ ನೋಡಿ. ಕೋಳಿ ಕೊಕ್ಕಲ್ಲಿ ಕೆದರಿ ಬೇಕಾದ ಕಾಳು ಆರಿಸಿ ಉಳಿದದ್ದನ್ನು ಚೆಲ್ಲುತ್ತದೆ. ಫೀಡರಿನ ಅಂಚು ಕೋಳಿಯ ಬೆನ್ನಿನ ಎತ್ತರಕ್ಕೆ ಇರಲಿ, ಚೆಲ್ಲುವುದು ತಾನಾಗೇ ಕಡಿಮೆ ಆಗುತ್ತದೆ. ಪುಡಿ ಮೇವಿಗಿಂತ ಗುಳಿಗೆ ಮೇವು ಕಡಿಮೆ ಪೋಲಾಗುತ್ತದೆ. ಫೀಡರ್ ಅನ್ನು ಅಗಲವಾದ ತಟ್ಟೆಯ ಮೇಲೆ ಇಟ್ಟರೆ ಬಿದ್ದದ್ದು ಮಣ್ಣಿಗೆ ಸೇರದೆ ತಟ್ಟೆಯಲ್ಲೇ ಉಳಿಯುತ್ತದೆ, ಸಂಜೆ ಎತ್ತಲು ಸುಲಭ. ಕೋಳಿ ಕಾಲಿಟ್ಟರೆ ಮಾತ್ರ ಮುಚ್ಚಳ ತೆರೆಯುವ ಮೆಟ್ಟಿಲು ಫೀಡರ್ ಕೂಡ ಬಂದಿದೆ. ಒಳ್ಳೆಯದೇ. ಕೋಳಿಗೆ ಕಲಿಯಲು ಒಂದು ವಾರ ಹಿಡಿಯಬಹುದು. ಮೆಟ್ಟಿಲು ಸಾಕಷ್ಟು ಗಟ್ಟಿ ಇರಬೇಕು, ಒಂದೆರಡು ಇಲಿಯ ಭಾರಕ್ಕೇ ತೆರೆದುಕೊಳ್ಳುವಂಥದ್ದು ಉಪಯೋಗ ಇಲ್ಲ. ಮರಿಗಳಿರುವ ಗೂಡಿಗೆ ಇದು ಆಗಿಬರುವುದಿಲ್ಲ.

ಒಬ್ಬ ಅಕ್ಕ ಎದ್ದು ಕೇಳಿದರು: "ಅಡುಗೆಮನೆಯಲ್ಲಿ ಉಳಿದದ್ದನ್ನೆಲ್ಲ ಕೋಳಿಗೇ ಹಾಕ್ತೀನಿ, ಅದೂ ತಪ್ಪಾ?" ತಪ್ಪಿಲ್ಲ ಅಕ್ಕ. ಬೆಳಿಗ್ಗೆ ಹಾಕಿ, ಅರ್ಧ ಗಂಟೆಯಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಸಂಜೆ ಹಾಕಿದ್ದು ರಾತ್ರಿಗೆ ಉಳಿಯುತ್ತದೆ.

ನೀರನ್ನೂ ಆದಷ್ಟು ಎತ್ತಿಡಿ. ಕಂದು ಇಲಿಗೆ ಒಣ ಕಾಳು ತಿಂದ ಮೇಲೆ ನೀರು ಬೇಕೇ ಬೇಕು. ಸೋರುವ ನಲ್ಲಿ, ತುಂಬಿದ ಬಕೆಟ್ಟು ಅದಕ್ಕೆ ವರ. ಮೊಟ್ಟೆಯನ್ನು ಬೆಳಗಾಗಿ ಒಂದು ಸಲ, ಮಧ್ಯಾಹ್ನ ಒಂದು ಸಲ ಎತ್ತಿ. ರಾತ್ರಿಗೆ ಒಂದೂ ಉಳಿಯಬಾರದು.

ಇನ್ನು ಜಾಲರಿ. ಇಲ್ಲಿ ಎಷ್ಟೋ ಜನ ಮೋಸ ಹೋಗುತ್ತಾರೆ. ಆರು ಮೂಲೆಯ ತೂತಿನ ತೆಳ್ಳಗಿನ ತಂತಿಗೆ ಕೋಳಿ ಮೆಷ್ ಅಂತ ಹೆಸರಿದೆ. ಅದು ಕೋಳಿಯನ್ನು ಒಳಗೆ ಇಡುತ್ತದೆ, ಇಲಿಯನ್ನು ಹೊರಗೆ ಇಡುವುದಿಲ್ಲ. ಎಳೇ ಇಲಿ 12 ಮಿಲಿಮೀಟರ್ ಸಂದಿ ಸಿಕ್ಕರೂ ನುಸುಳುತ್ತದೆ. ತಲೆ ಹಿಡಿದರೆ ಮೈ ಹಿಡಿದಂತೆ. ಸುಂಡಿಲಿಗೆ 6 ಮಿಲಿಮೀಟರ್ ಸಾಕು, ಅಂದರೆ ಒಂದು ಪೆನ್ಸಿಲ್ ತೂರುವಷ್ಟು ಜಾಗ. ಹಾಗಾಗಿ ಬೇಕಾದ್ದು ಬೆಸುಗೆ ಹಾಕಿದ ಚೌಕ ತೂತಿನ ಜಿಐ (ಸತು ಲೇಪಿಸಿದ ಕಬ್ಬಿಣದ) ವೆಲ್ಡ್ ಮೆಷ್. ತೂತು 12 ಮಿಲಿಮೀಟರಿಗಿಂತ ಚಿಕ್ಕದೇ ಇರಬೇಕು. ಸುಂಡಿಲಿ ಕಾಟವೂ ಇದ್ದರೆ 6 ಮಿಲಿಮೀಟರಿನದೇ ತನ್ನಿ. ತಂತಿ ಕೈಯಲ್ಲಿ ಸುಲಭಕ್ಕೆ ಬಗ್ಗದಷ್ಟು ದಪ್ಪ ಇರಲಿ. ಬರೀ ಪಿನ್ ಹೊಡೆದರೆ ಎಳೆದು ಕಿತ್ತುಹಾಕುತ್ತವೆ. ಸ್ಕ್ರೂ, ಅದರ ಕೆಳಗೆ ಅಗಲ ವಾಷರ್ ಹಾಕಿ ಬಿಗಿಯಿರಿ.

ಗೋಡೆಗೆ ಹೊಡೆದು ಕೈ ತೊಳೆದುಕೊಂಡರೆ ಆಗಲಿಲ್ಲ. ಇಲಿ ಬರುವುದು ಅಡಿಯಿಂದ. ನೆಲಕ್ಕೆ ಸಿಮೆಂಟ್ ಹಾಕಿದರೆ ಬಹಳ ಒಳ್ಳೆಯದು. ಅದು ಆಗದಿದ್ದರೆ ಗೂಡಿನ ಸುತ್ತ 30 ಸೆಂಟಿಮೀಟರ್ ಆಳಕ್ಕೆ ಮೆಷ್ ಹೂತು, ತುದಿಯನ್ನು ಹೊರಗಡೆಗೆ ಇನ್ನೊಂದು 30 ಸೆಂಟಿಮೀಟರ್ ಮಡಚಿ. ಇಲಿ ಗೋಡೆಯ ಬುಡದಲ್ಲೇ ತೋಡಲು ಶುರು ಮಾಡುತ್ತದೆ. ಕೆಳಗೆ ಹೋದ ಹಾಗೆ ಮಡಚಿದ ಮೆಷ್ ಸಿಗುತ್ತದೆ. ಹಿಂದೆ ಸರಿದು ಒಂದು ಅಡಿ ಆಚೆಯಿಂದ ತೋಡಬೇಕು ಅನ್ನುವುದು ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಮರದ ಗೂಡಾದರೆ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕಾಲು ಕೊಟ್ಟು ನಿಲ್ಲಿಸಿ. ಕೆಳಗೆ ಬೆಳಕು ಬೀಳಬೇಕು, ಬೆಕ್ಕು ನಾಯಿ ಓಡಾಡಬೇಕು. ನೆಲಕ್ಕೆ ಅಂಟಿದಂತೆ ಕೂತ ಮರದ ಗೂಡಿನ ಅಡಿ ಜಾಗಕ್ಕಿಂತ ಬೆಚ್ಚಗಿನ ಮನೆ ಇಲಿಗೆ ಇನ್ನೊಂದಿಲ್ಲ.

ಬಾಗಿಲ ಕೆಳಗಿನ ಸಂದಿ ಮರೆಯಬೇಡಿ. ಗೂಡಿಗೆ ಎಷ್ಟು ಖರ್ಚು ಮಾಡಿದ್ದರೂ ಬಾಗಿಲ ಕೆಳಗೆ ಒಂದು ಬೆರಳು ಸಂದಿ ಇದ್ದರೆ ಎಲ್ಲಾ ನೀರಲ್ಲಿ ಹೋಮ. ಬಾಗಿಲ ಬುಡಕ್ಕೆ ಒಂದು ಪಟ್ಟಿ ತಗಡು ಹೊಡೆಯಿರಿ.

ಸುತ್ತಮುತ್ತ ಒಂದು ಮೀಟರ್ ಅಗಲ ಗಿಡಗಂಟಿ ಇಲ್ಲದೆ ಬೋಳಾಗಿರಲಿ. ಸೌದೆ, ಹಳೇ ಹೆಂಚು, ಮುರಿದ ಕುರ್ಚಿ ಗೂಡಿಗೆ ಒರಗಿಸಿ ಇಡಬೇಡಿ. ಸೂರಿಗೆ ತಾಗುವ ಕೊಂಬೆ ಕಡಿಯಿರಿ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು, ಯಾಕೆಂದರೆ ಈ ಕೆಲಸದಲ್ಲಿ ಯಾವುದು ಮೊದಲು ಅನ್ನುವುದು ಮುಖ್ಯ. ಇಲಿ ತುಂಬಿರುವ ಹಿತ್ತಲಲ್ಲಿ ಒಂದೇ ದಿನ ಮೇವು ನಿಲ್ಲಿಸಿಬಿಟ್ಟರೆ, ಹಸಿದ ಇಲಿಗಳು ಮೊಟ್ಟೆ, ಮರಿ, ಕೋಳಿಯ ಕಾಲಿನ ಕಡೆ ತಿರುಗಬಹುದು. ಹಾಗಾಗಿ ಮೊದಲು ಕೋಳಿ ಮಲಗುವ ಕೋಣೆಗೆ ಮೆಷ್ ಬಿಗಿಯಿರಿ, ಕಾವು ಕೂತ ಕೋಳಿ, ಮರಿಗಳು ಇದ್ದರೆ ಅವಕ್ಕೆ ಭದ್ರವಾದ ಬೇರೆ ಜಾಗ ಮಾಡಿ. ಒಳಗೆ ಹಾಸಿನ ಹೊಟ್ಟು ತೆಗೆದು, ಮೊಟ್ಟೆ ಪೆಟ್ಟಿಗೆ ಎತ್ತಿ, ಇಲಿ ಗೂಡು ಕಟ್ಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಇಲಿಯನ್ನು ಒಳಗೇ ಇಟ್ಟು ಬಾಗಿಲು ಹಾಕಿದರೆ ಕೆಟ್ಟದ್ದು. ಆಮೇಲೆ ಮೇವು ಎತ್ತಿ. ಅದೇ ವಾರ ಬೋನು ಇಡಿ. ಬೇರೆ ಊಟ ಇಲ್ಲದಾಗಲೇ ಇಲಿ ಬೋನಿನ ತಿಂಡಿಗೆ ಬಾಯಿ ಹಾಕುವುದು.

ಬೋನು ಅಂದರೆ ನಾನು ಹೇಳುತ್ತಿರುವುದು ಪಟ್ಟನೆ ಬಡಿಯುವ ಸ್ಪ್ರಿಂಗ್ ಬೋನು. ಇಲಿ ದೊಡ್ಡದಾದರೆ ದೊಡ್ಡ ಬೋನೇ ಬೇಕು. ಸುಂಡಿಲಿಯದು ಇಟ್ಟರೆ ಗಾಯ ಮಾಡಿಕೊಂಡು ತಪ್ಪಿಸಿಕೊಳ್ಳುತ್ತದೆ, ಅದು ಸಂಕಟ. ಇಲಿ ಹೊಸ ವಸ್ತುವಿಗೆ ಹೆದರುವ ಪ್ರಾಣಿ. ದಿನಾ ಓಡಾಡುವ ದಾರಿಯಲ್ಲಿ ಏನಾದರೂ ಹೊಸದು ಕಂಡರೆ ಕೆಲವು ದಿನ ಸುತ್ತು ಹಾಕಿ ಹೋಗುತ್ತದೆ. ಅದಕ್ಕೇ ಮೊದಲು ಮೂರು ನಾಲ್ಕು ರಾತ್ರಿ ಸ್ಪ್ರಿಂಗ್ ಎಳೆಯದೆ ಬರೀ ತಿಂಡಿ ಇಟ್ಟು ಬಿಡಿ. ಧೈರ್ಯವಾಗಿ ತಿನ್ನಲು ಶುರು ಮಾಡಿದ ಮೇಲೆ ಎಲ್ಲಾ ಬೋನನ್ನೂ ಒಂದೇ ರಾತ್ರಿ ಎಳೆದು ಇಡಿ. ಒಂದು ಬೋನು ಹತ್ತು ರಾತ್ರಿ ಇಡುವುದಕ್ಕಿಂತ ಹತ್ತು ಬೋನು ಒಂದು ರಾತ್ರಿ ಇಡುವುದು ಮೇಲು. ಗೋಡೆಗೆ ಅಡ್ಡಲಾಗಿ, ತಿಂಡಿ ಇರುವ ತುದಿ ಗೋಡೆಗೆ ತಾಗುವ ಹಾಗೆ ಇಡಬೇಕು. ಎಲ್ಲಿ ಇಡಬೇಕು ಅನ್ನುವುದನ್ನು ಸೀಮೆಸುಣ್ಣದ ಪುಡಿ ಆಗಲೇ ತೋರಿಸಿದೆ. ಬೋನನ್ನು ಬಿಚ್ಚಿಟ್ಟು ಹೋಗಬೇಡಿ. ಕೋಳಿ ಕೊಕ್ಕು ಹಾಕುತ್ತದೆ, ಮಕ್ಕಳು ಕೈ ಹಾಕುತ್ತಾರೆ. ಇಲಿ ಮಾತ್ರ ತೂರುವಂಥ ತೂತು ಇರುವ ಮರದ ಪೆಟ್ಟಿಗೆಯೊಳಗೆ ಇಡಿ. ಬೆಳಗಾದ ಕೂಡಲೇ ನೋಡಿ. ಗ್ಲೌಸ್ ಹಾಕಿಯೇ ಎತ್ತಿ.

ಅಂಟು ಹಲಗೆ ದಯವಿಟ್ಟು ಬೇಡ. ಇಲಿ ಅದರ ಮೇಲೆ ಗಂಟೆಗಟ್ಟಲೆ, ಒಮ್ಮೊಮ್ಮೆ ದಿನಗಟ್ಟಲೆ ಒದ್ದಾಡಿ ಸಾಯುತ್ತದೆ. ಹಲ್ಲಿ, ಹಾವು, ಸಣ್ಣ ಹಕ್ಕಿ, ನಿಮ್ಮ ಕೋಳಿಮರಿ ಎಲ್ಲವೂ ಸಿಕ್ಕಿಕೊಳ್ಳುತ್ತವೆ. ಇಲಿಯನ್ನು ಕೊಲ್ಲಬೇಕಾದರೂ ಹಿಂಸೆ ಮಾಡಿ ಕೊಲ್ಲುವ ಹಕ್ಕು ನಮಗಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ನ್ಯೂಜಿಲೆಂಡ್, ಇಂಗ್ಲೆಂಡ್‌ಗಳಲ್ಲಿ ಸಾಮಾನ್ಯ ಜನ ಇದನ್ನು ಬಳಸುವುದನ್ನೇ ಕಾನೂನು ಮಾಡಿ ತಡೆದಿದ್ದಾರೆ. ಪಂಜರದ ಬೋನಲ್ಲಿ ಹಿಡಿದು ದೂರ ಬಿಟ್ಟು ಬರುವುದನ್ನು ದಯೆ ಅಂದುಕೊಳ್ಳುವವರಿದ್ದಾರೆ. ಗುರುತಿಲ್ಲದ ಜಾಗದಲ್ಲಿ ಬಿಟ್ಟ ಇಲಿ ಬಹುಪಾಲು ಬದುಕುವುದಿಲ್ಲ. ಬದುಕಿದರೆ ಇನ್ನೊಬ್ಬರ ಮನೆ ಸೇರುತ್ತದೆ.

ಈಗ ಪಾಷಾಣದ ಕತೆ.

ನಾನು ಅವತ್ತು ತಂದದ್ದು ಸಣ್ಣ ಸಣ್ಣ ಗುಳಿಗೆಯ ಪೊಟ್ಟಣ. ಗೂಡಿನ ಹಿಂದೆ, ಕೋಳಿಗೆ ಸಿಗದ ಹಾಗೆ ಕಲ್ಲಿನ ಸಂದಿಯಲ್ಲಿ ಇಟ್ಟೆ. ಇಲಿ ಸಿಕ್ಕಿದ್ದನ್ನು ಅಲ್ಲೇ ತಿನ್ನುವುದಿಲ್ಲ, ಹೊತ್ತುಕೊಂಡು ಹೋಗಿ ಕೂಡಿಡುತ್ತದೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಮೂರು ದಿನ ಬಿಟ್ಟು ಮೊಟ್ಟೆ ಪೆಟ್ಟಿಗೆಯ ಹೊಟ್ಟಿನ ಅಡಿಯಲ್ಲಿ ಹತ್ತು ಹನ್ನೆರಡು ಗುಳಿಗೆ ಸಿಕ್ಕಿತು. ಎಷ್ಟು ಕೋಳಿಯ ಹೊಟ್ಟೆ ಸೇರಿತ್ತೋ. ಆ ವಾರ ಎರಡು ಹೇಟೆ ಸತ್ತವು. ಬಾಯಿ ಕಟ್ಟಿಕೊಂಡು ಹೂತು ಬಂದೆ. ಇಲಿ ಬಂತು ಅಂತ ಮನೆಗೆ ಬೆಂಕಿ ಇಟ್ಟರಂತೆ ಅನ್ನುವ ಗಾದೆ ನನಗೆ ಅರ್ಥವಾಗಿದ್ದು ಅವತ್ತು.

ಈ ವಿಷ ಹೇಗೆ ಕೆಲಸ ಮಾಡುತ್ತದೆ ಅಂತ ಎಲ್ಲರೂ ತಿಳಿದಿರಬೇಕು. ಬೂಸ್ಟು ಹಿಡಿದ ಸಿಹಿ ಕ್ಲೋವರ್ ಹುಲ್ಲು ತಿಂದ ದನಗಳು ರಕ್ತ ಹೆಪ್ಪುಗಟ್ಟದೆ ಸಾಯುತ್ತಿದ್ದವು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಾರ್ಲ್ ಪಾಲ್ ಲಿಂಕ್ ಮತ್ತು ಜೊತೆಗಾರರು ಅದರ ಕಾರಣ ಹುಡುಕುತ್ತಾ ಹೋದರು. ಅದರಿಂದ ಹುಟ್ಟಿದ್ದು ವಾರ್ಫರಿನ್. 1948ರಲ್ಲಿ ಇಲಿ ವಿಷವಾಗಿ ಬಳಕೆಗೆ ಬಂತು. ಮನುಷ್ಯರ ರಕ್ತ ಹೆಪ್ಪುಗಟ್ಟದಂತೆ ವೈದ್ಯರು ಕೊಡುವ ಮಾತ್ರೆಯೂ ಇದೇ. ಹತ್ತು ವರ್ಷ ಕಳೆಯುವಷ್ಟರಲ್ಲಿ, 1958ರಲ್ಲಿ, ಸ್ಕಾಟ್ಲೆಂಡ್‌ನಲ್ಲಿ ಈ ವಿಷಕ್ಕೆ ಜಗ್ಗದ ಇಲಿಗಳು ಕಾಣಿಸಿಕೊಂಡವು. ಅದಕ್ಕೆ ಉತ್ತರವಾಗಿ ಬಂದದ್ದು ಬ್ರೋಮಾಡಿಯೋಲೋನ್, ಬ್ರೋಡಿಫಕಮ್‌ನಂಥ ಇನ್ನೂ ಬಲವಾದ ವಿಷಗಳು.

ಇವನ್ನು ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಮೂರರಿಂದ ಏಳು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಅಷ್ಟು ದಿನವೂ ಅದು ತಿನ್ನುತ್ತಲೇ ಇರುತ್ತದೆ, ಮೈಯಲ್ಲಿ ವಿಷ ತುಂಬಿಕೊಳ್ಳುತ್ತದೆ. ಕೊನೆಗೆ ಸುಸ್ತಾಗಿ ಹಗಲಲ್ಲೇ ತೂರಾಡುತ್ತಾ ಬರುತ್ತದೆ. ಅದನ್ನು ಯಾರು ಹಿಡಿಯುತ್ತಾರೆ? ಗೂಬೆ, ಬೆಕ್ಕು, ನಾಯಿ, ನಮ್ಮ ಕೋಳಿ. ಬಲವಾದ ವಿಷಗಳು ಲಿವರ್‌ನಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಕೋಳಿ ತಿಂದರೆ ಮೊಟ್ಟೆಗೂ ಇಳಿಯಬಹುದು. ನಮ್ಮ ಇಲಿ ಹಿಡಿಯಲು ದಿನಾ ರಾತ್ರಿ ಬಿಟ್ಟಿ ಕೆಲಸ ಮಾಡುವ ಗೂಬೆಯನ್ನೇ ನಾವು ಕೊಂದಂತಾಗುತ್ತದೆ. ಜಿಂಕ್ ಫಾಸ್ಫೈಡ್ ಇನ್ನೂ ಕೆಟ್ಟದ್ದು. ಹೊಟ್ಟೆಯೊಳಗೆ ಹೋಗಿ ಫಾಸ್ಫಿನ್ ಅನ್ನುವ ವಿಷಾನಿಲ ಬಿಡುತ್ತದೆ. ಅದಕ್ಕೆ ಪ್ರತಿಮದ್ದಿಲ್ಲ. ಕೋಳಿ ಇರುವ ಹಿತ್ತಲಿಗೆ ಅದನ್ನು ತರಲೇಬೇಡಿ.

ನಾಯಿಯೋ ಬೆಕ್ಕೋ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ತಿಂದಿದೆ ಅಂತ ಅನುಮಾನ ಬಂದರೆ, ಲಕ್ಷಣ ಕಾಣುವ ತನಕ ಕಾಯಬೇಡಿ. ಪೊಟ್ಟಣ ಹಿಡಿದುಕೊಂಡೇ ಪಶುವೈದ್ಯರ ಹತ್ತಿರ ಓಡಿ. ಕೆ1 ಜೀವಸತ್ವ ಇದಕ್ಕೆ ಪ್ರತಿಮದ್ದು, ಸಮಯಕ್ಕೆ ಕೊಟ್ಟರೆ ಪ್ರಾಣ ಉಳಿಯುತ್ತದೆ. ಯಾವ ವಿಷ ಅಂತ ಗೊತ್ತಾಗಲು ಆ ಪೊಟ್ಟಣ ಬೇಕೇ ಬೇಕು.

ವಿಷ ಇಡಲೇಬೇಕು ಅನ್ನುವ ಸ್ಥಿತಿ ಬಂದರೆ, ತಿಳಿದವರ ಕೈಯಲ್ಲಿ ಇಡಿಸಿ. ಸಡಿಲ ಗುಳಿಗೆ ಬೇಡ. ಬೀಗ ಹಾಕುವ ಪೆಟ್ಟಿಗೆಯೊಳಗೆ ಸರಳಿಗೆ ಪೋಣಿಸಿದ ಗಟ್ಟಿ ಉಂಡೆ ಇರಬೇಕು, ಇಲಿ ಅದನ್ನು ಹೊತ್ತೊಯ್ಯಲಾರದು. ಕೋಳಿ ಓಡಾಡುವ ಜಾಗದಿಂದ ಆಚೆ ಇಡಿಸಿ. ದಿನಾ ಸುತ್ತ ನಡೆದು ಸತ್ತ ಇಲಿ ಹುಡುಕಿ ಆಳವಾಗಿ ಹೂಳಿ. ಕೆಲಸ ಮುಗಿದ ಮೇಲೆ ಉಳಿದ ವಿಷ ಪೂರ್ತಿ ತೆಗೆಯಿರಿ.

ಬೆಕ್ಕು ಸಾಕಿದರೆ ಆಗಲ್ವಾ ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಸುಂಡಿಲಿ, ಇಲಿಮರಿ ಹಿಡಿಯುತ್ತದೆ. ಬೆಳೆದ ದೊಡ್ಡ ಇಲಿಯ ತಂಟೆಗೆ ಬಹಳ ಬೆಕ್ಕುಗಳು ಹೋಗುವುದಿಲ್ಲ. ಕೋಳಿಮರಿ ಇದ್ದರೆ ಬೆಕ್ಕೇ ಇನ್ನೊಂದು ತಲೆನೋವು. ಕಿವಿಗೆ ಕೇಳದ ಶಬ್ದ ಬಿಡುವ ಯಂತ್ರಕ್ಕೆ ದುಡ್ಡು ಹಾಕಬೇಡಿ, ಇಲಿ ಬೇಗ ಒಗ್ಗಿಕೊಳ್ಳುತ್ತದೆ. ಮೇವಿಗೆ ಮೆಣಸಿನಪುಡಿ ಬೆರೆಸುವ ಉಪಾಯಕ್ಕೆ ಒಂದು ಕಾರಣ ಇದೆ: ಹಕ್ಕಿಗಳಿಗೆ ಖಾರ ತಾಗುವುದಿಲ್ಲ, ಇಲಿಗೆ ತಾಗುತ್ತದೆ. ಆದರೆ ಹಸಿದ ಇಲಿ ಖಾರವನ್ನೂ ತಿನ್ನುತ್ತದೆ. ಅದನ್ನೇ ನಂಬಿ ಕೂರುವ ಹಾಗಿಲ್ಲ.

ಶುಚಿ ಮಾಡುವಾಗ ನಿಮ್ಮ ಆರೋಗ್ಯ ನೋಡಿಕೊಳ್ಳಿ. ಇಲಿಯ ಉಚ್ಚೆಯಿಂದ ಇಲಿಜ್ವರ, ಅಂದರೆ ಲೆಪ್ಟೋಸ್ಪೈರೋಸಿಸ್ ಬರುತ್ತದೆ. ಕಾಲಿನ ಸಣ್ಣ ಗಾಯ, ಒದ್ದೆ ಮಣ್ಣು ಅಷ್ಟೇ ಸಾಕು. ಹಿಕ್ಕೆಯಿಂದ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಕೋಳಿಗೂ, ಮೊಟ್ಟೆಗೂ, ನಮಗೂ ದಾಟುತ್ತದೆ. ಒಣ ಹಿಕ್ಕೆಯನ್ನು ಪೊರಕೆಯಲ್ಲಿ ಗುಡಿಸಬೇಡಿ, ದೂಳು ಎದ್ದು ಮೂಗಿಗೆ ಹೋಗುತ್ತದೆ. ಒಂದು ಪಾಲು ಬ್ಲೀಚ್, ಒಂಬತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಹತ್ತು ನಿಮಿಷ ಬಿಟ್ಟು ಒರೆಸಿ ತೆಗೆಯಿರಿ. ಬೂಟು, ಗ್ಲೌಸ್, ಮಾಸ್ಕ್ ಇರಲಿ. ಇಂಥ ಕೆಲಸ ಮಾಡಿದ ಮುಂದಿನ ಮೂರು ನಾಲ್ಕು ವಾರದಲ್ಲಿ ಜೋರು ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಬಂದರೆ, ಇಲಿ ಇರುವ ಜಾಗದಲ್ಲಿ ಕೆಲಸ ಮಾಡಿದ್ದೆ ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ. ಅವರು ಕೇಳುವ ತನಕ ಕಾಯಬೇಡಿ.

ಕೊನೆಯಲ್ಲಿ ಒಬ್ಬ ಹುಡುಗ ಕೇಳಿದ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು: "ಎಲ್ಲಾ ಮಾಡಿದ ಮೇಲೆ ಇಲಿ ಹೋಯ್ತು ಅಂತ ಹೇಗೆ ಗೊತ್ತಾಗುತ್ತೆ ಸರ್?"

ಅದೇ ಪುಡಿಯಿಂದ, ಮಗೂ. ತಿಂಗಳಿಗೆ ಒಂದು ಸಲ ನಾನು ಈಗಲೂ ಸೀಮೆಸುಣ್ಣದ ಪುಡಿ ಉದುರಿಸುತ್ತೇನೆ. ಹೋದ ತಿಂಗಳು ಉದುರಿಸಿದಾಗ ಬಾಗಿಲ ಬುಡದಲ್ಲಿ ಒಂದೇ ಒಂದು ಸಾಲು ಹೆಜ್ಜೆ ಇತ್ತು, ಸಣ್ಣ ಇಲಿಯದು. ಬಗ್ಗಿ ನೋಡಿದರೆ ಮಳೆಗೆ ಬಾಗಿಲ ಮರ ಉಬ್ಬಿ, ಕೆಳಗಿನ ತಗಡಿನ ಒಂದು ಮೂಲೆ ಎದ್ದಿತ್ತು. ಎರಡು ಸ್ಕ್ರೂ ಬಿಗಿದು, ಹೊಸ ಪುಡಿ ಸವರಿ ಬಂದೆ. ಮರುದಿನ ಬೆಳಿಗ್ಗೆ ಹೋಗಿ ನೋಡಿದಾಗ ಪುಡಿಯ ಮೇಲೆ ನನ್ನ ಬೆರಳಿನ ಗುರುತು ಬಿಟ್ಟರೆ ಬೇರೇನೂ ಇರಲಿಲ್ಲ.